ಒಂದು ಸಿಲಿಂಡರಿನ ಸಂಸಾರ

ಬೆಳಗಿನ ಪೂಜೆ ಮುಗಿಸಿ ಎದ್ದರೆ ಸಾಕು, ನಮ್ಮ ಮನೆಯಲ್ಲಿ ತಮಾಷೆಯದು ಏನಾದರೊಂದು ಆಗುತ್ತಲೇ ಇರುತ್ತದೆ. ನಗುವುದಕ್ಕೆ ಬೇರೆಯವರ ಮನೆಗೆ ಹೋಗುವ ಪ್ರಮೇಯವೇ ಬಂದಿಲ್ಲ. ಬಣಕಲ್ ಹತ್ತಿರ ನಮ್ಮ ಕಾಫಿ ತೋಟ. ಮನೆಯಲ್ಲಿದ್ದದ್ದು ಒಂದೇ ಗ್ಯಾಸ್ ಸಿಲಿಂಡರು. ಎರಡನೆಯದು ಬೇಕೇ ಬೇಕು ಅಂತ ನನ್ನ ಹೆಂಡತಿ, ಅದರ ಠೇವಣಿ ದಂಡ ಅಂತ ನಾನು. ಈ ವಾದ ಎರಡು ವರ್ಷ ನಡೆಯಿತು.

ಕರ್ಪೂರದಾರತಿ

ಮನೆಗೆ ಹೊಸದಾಗಿ ಏನು ಬಂದರೂ ವಿಭೂತಿ, ಕುಂಕುಮ ಹಚ್ಚುವುದು ನಮ್ಮ ಪದ್ಧತಿ. ಗ್ಯಾಸಿನ ರೇಟು ಏರಿದ ಹಾಗೆಲ್ಲ ಸಿಲಿಂಡರಿನ ಮೇಲೆ ನನ್ನ ಭಕ್ತಿಯೂ ಏರಿತು. ಕುಂಕುಮದ ಜೊತೆಗೆ ದಾಸವಾಳ ಸೇರಿತು. ಒಂದು ಸಲ ಸಿಲಿಂಡರ್ ತಂದವನು ಸೀಲ್ ಕಿತ್ತು, ಲೀಕ್ ಇದೆಯಾ ಅಂತ ಬಗ್ಗಿ ನೋಡುತ್ತಿದ್ದ. ನಾನು ಗಂಟೆ ಬಾರಿಸುತ್ತಾ, ಕರ್ಪೂರದಾರತಿ ಹಿಡಿದು ಅವನ ಹಿಂದೆ ಬಂದು ನಿಂತೆ.

ಅವನು ಒಂದೇ ನೆಗೆತಕ್ಕೆ ಅಂಗಳ ಸೇರಿದ.

"ಮೊದ್ಲು ಅದನ್ನ ಆರ್ಸಿ ಮಾರಾಯ್ರೆ! ನಂಗೆ ಹೆಂಡ್ತಿ ಮಕ್ಳಿದಾರೆ!"

"ಎರಡು ತಿಂಗ್ಳು ಬರ್ಲಿ ಅಂತ ಕಣಯ್ಯ."

"ಅದು ಎರಡು ತಿಂಗ್ಳು ಬರೋಕೆ ನಾವು ಎರಡು ನಿಮಿಷ ಇರ್ಬೇಕಲ್ಲ!"

ಅಂದಿನಿಂದ ಅವನು ಗೇಟಿನಲ್ಲೇ ನಿಂತು ಕೂಗುತ್ತಾನೆ: "ಅಕ್ಕೋರೆ, ಯಜಮಾನ್ರ ಪೂಜೆ ಆಯ್ತಾ? ಒಳಗೆ ಬರ್ಬಹುದಾ?"

ಖಾಲಿ ಮನೆಯ ಬಿಲ್ಲು

ತೋಟದ ಲೆಕ್ಕ ಬರೆಯುತ್ತಿದ್ದ ರೈಟರ್ ಕೆಲಸ ಬಿಟ್ಟು ಹೋದ. ಅವನಿದ್ದ ಸಣ್ಣ ಮನೆಯ ಮೈನ್ ಸ್ವಿಚ್ ಇಳಿಸಿ, ಕೈಯಾರೆ ಬೀಗ ಹಾಕಿದೆ. ಆದರೂ ತಿಂಗಳಾಗುತ್ತಲೇ ಕರೆಂಟು ಬಿಲ್ಲು ಬಂತು. ಮೀಟರ್ ನೋಡಲು ಬಂದವರನ್ನು ಹಿಡಿದು ಕೂರಿಸಿದೆ.

"ಒಂದು ಬಲ್ಬೂ ಉರಿದಿಲ್ಲ ಸ್ವಾಮಿ. ಇದೇನಿದು?"

"ನಿಗದಿತ ಶುಲ್ಕ ಸಾರ್. ಉರಿಸಿದ್ರೂ ಕೊಡ್ಬೇಕು, ಉರಿಸದೆ ಇದ್ರೂ ಕೊಡ್ಬೇಕು."

"ಏನೂ ಮಾಡದೆ ಸುಮ್ನೆ ಇದ್ದಿದ್ದಕ್ಕೂ ದುಡ್ಡಾ?"

ಕಾಫಿ ತಂದ ನನ್ನ ಹೆಂಡತಿ ಲೋಟ ಇಡುತ್ತಾ ಅಂದಳು: "ರೈಟರ್ ಇದ್ದಾಗ್ಲೂ ಹಂಗೇ ಕೊಡ್ತಿದ್ರಲ್ಲ. ಅವನ ಅಭ್ಯಾಸ ಮನೆಗೂ ಹತ್ತಿದೆ."

ಒದ್ದೆ ಬಟ್ಟೆಯ ಪರೀಕ್ಷೆ

ಸಿಲಿಂಡರಿನಲ್ಲಿ ಗ್ಯಾಸ್ ಎಷ್ಟಿದೆ ಅಂತ ತಿಳಿಯಲು ಒಂದು ಉಪಾಯವಿದೆ. ಒದ್ದೆ ಬಟ್ಟೆಯಿಂದ ಒರೆಸಬೇಕು. ಖಾಲಿಯಾದ ಮೇಲ್ಭಾಗ ಬೇಗ ಒಣಗುತ್ತದೆ, ಗ್ಯಾಸ್ ಇರುವ ಕೆಳಭಾಗ ಒದ್ದೆಯಾಗಿಯೇ ಇರುತ್ತದೆ. ಇದನ್ನು ನಂಬಿಯೇ ನಾನು ಎರಡನೆಯದು ಬೇಡ ಅಂದದ್ದು.

ಶ್ರಾವಣದ ಮೊದಲ ಸೋಮವಾರ ನಮ್ಮ ಗುರುಗಳಾದ ಅಯ್ನೋರು ಪ್ರಸಾದಕ್ಕೆ ಬರುವವರಿದ್ದರು. ಮಡಿಯಲ್ಲಿ ಬಲು ಕಟ್ಟುನಿಟ್ಟು. ಹಿಂದಿನ ವಾರವೇ ಹೆಂಡತಿ ಅಂದಳು: "ಗ್ಯಾಸ್ ಬುಕ್ ಮಾಡ್ರೀ."

ಒರೆಸಿ ನೋಡಿದೆ. ಕುತ್ತಿಗೆಯವರೆಗೂ ಒದ್ದೆ. "ಭರ್ತಿ ಇದೆ ಮಾರಾಯ್ತಿ."

ಸೋಮವಾರ ಅಯ್ನೋರು ಬಂದು ಪೂಜೆಗೆ ಕೂತರು. ನಾಲ್ಕನೇ ಹೋಳಿಗೆ ಹೆಂಚಿನ ಮೇಲಿರುವಾಗ ಉರಿ ಪುಸಕ್ಕನೆ ಆರಿತು.

"ಒದ್ದೆ ಇತ್ತಲ್ಲೇ!" ಅಂತ ಪಿಸುಗುಟ್ಟಿದೆ.

"ಈ ಮಳೇಲಿ ಹದಿನೈದು ದಿನದಿಂದ ನಿಮ್ಮ ಪಂಚೆನೂ ಒಣಗಿಲ್ಲ. ಅದ್ರಲ್ಲೂ ಗ್ಯಾಸ್ ಇದೆಯಾ?"

ಅಡಿಗೆಮನೆಗೆ ಟೈಲ್ಸ್ ಹಾಕಿಸುವಾಗ ಸೌದೆ ಒಲೆ ತೆಗೆಸಿದ್ದೆವು. ಮನೆಯಲ್ಲಿ ಬೆಂಕಿ ಇದ್ದದ್ದು ಒಂದೇ ಕಡೆ, ಸ್ನಾನದ ನೀರು ಕಾಯಿಸುವ ಬಚ್ಚಲ ಒಲೆಯಲ್ಲಿ. ಶಿವಾ ಅಂತ ಹಂಡೆ ಇಳಿಸಿ ಹೆಂಚು ಇಟ್ಟೆವು. ನಾನು ಊದಿದೆ, ಅವಳು ಬೇಯಿಸಿದಳು. ಗಂಟೆಯ ಸದ್ದು ನಿಲ್ಲುವ ಹೊತ್ತಿಗೆ ಹೋಳಿಗೆ ಎಲೆಗೆ ಬಂತು.

ಅಯ್ನೋರು ಒಂದು ತಿಂದರು, ಕಣ್ಣು ಮುಚ್ಚಿದರು. ಮತ್ತೆರಡು ಹಾಕಿಸಿಕೊಂಡರು.

"ಏನು ರುಚಿ! ಇದು ಗ್ಯಾಸಿನ ಮೇಲೆ ಬೆಂದದ್ದಲ್ಲ. ಕಾಫಿ ಸೌದೆಯ ಪರಿಮಳ. ಇಷ್ಟು ಮಡಿಯಾಗಿ ಈಗ ಯಾರು ಮಾಡ್ತಾರೆ? ಆ ಒಲೆ ಎಲ್ಲಿದೆ, ಒಂದ್ಸಲ ತೋರ್ಸಿ."

ನನ್ನ ಬಾಯಿ ಒಣಗಿತು. ಆ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಒಣಗಿದ್ದು ಅದೊಂದೇ. ಅಯ್ನೋರ ಬೆನ್ನ ಹಿಂದೆ ನಿಂತು ಹೆಂಡತಿಗೆ ಎರಡು ಬೆರಳು ತೋರಿಸಿದೆ: ಎರಡು ಸಿಲಿಂಡರ್, ನಾಳೆಯೇ. ಅವಳು ನೋಡಿದಳು, ಸಮಾಧಾನವಾಗಿ ತಲೆಯಾಡಿಸಿದಳು. ಬದುಕಿದೆ ಅಂದುಕೊಂಡೆ.

"ಅದಕ್ಕೇನು ಬುದ್ಧಿ, ತೋರಿಸೋಣ," ಅಂದಳು. "ಹೇಗೂ ಊಟ ಆದ್ಮೇಲೆ ಕೈ ತೊಳೆಯೋಕೆ ತಾವು ಅಲ್ಲಿಗೇ ಹೋಗ್ಬೇಕಲ್ಲ."