ಬೆಳ್ಳಿ ರಾಕೆಟ್ಟಿನ ಧೀರರು

ಒಂದೇ ಒಂದು ಪದ ಬದಲಾಯಿಸೋಣ ಎಂದು ಜಿನೆಟ್ ಫ್ರೇಸರ್ ಸೂಚಿಸಿದಂದಿನಿಂದ ಹೆರಾನ್ ಕ್ರೀಕ್ ಊರಿನಲ್ಲಿ ಯಾರೂ ನೆಮ್ಮದಿಯಾಗಿ ಕಾಫಿ ಕುಡಿದಿರಲಿಲ್ಲ.

ಆ ಪದ ಇದ್ದದ್ದು ‘ಬೆಳ್ಳಿ ರಾಕೆಟ್’ ಎಂಬ ಕಪ್ಪುಬಿಳುಪು ಕಾಲದ ಟೀವಿ ಧಾರಾವಾಹಿಯಲ್ಲಿ. ರಾಕೆಟ್ಟು ಪ್ಲೈವುಡ್ಡಿನದು, ಮಂಗಳಗ್ರಹ ಹಳೇ ಪರದೆಯದು. ಆದರೂ ಸಸ್ಕಾಚೆವಾನ್ ಬಯಲಿನ ಈ ಪುಟ್ಟ ಊರಿಗೆ ಅದೆಂದರೆ ಪ್ರಾಣ. ಪ್ರತಿ ಫೆಬ್ರವರಿಯಲ್ಲಿ ಅಭಿಮಾನಿಗಳೆಲ್ಲ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಆಟದ ಕ್ಲಬ್ಬಿನ ಹಾಲ್‌ನಲ್ಲಿ ಸೇರಿ, ಮನೆಮನೆಯಿಂದ ತಂದ ಅಡುಗೆ ಉಂಡು, ಹಳೇ ಕಂತೊಂದನ್ನು ನೋಡುತ್ತಾರೆ. ಇದೆಲ್ಲಕ್ಕೂ ಮೊದಲು ದೀಪ ಆರಿಸಿ, ಒಬ್ಬರು ಮೈಕಿನ ಮುಂದೆ ನಿಂತು, ಆ ಕಾಲದ ಉದ್ಘೋಷಕನ ದನಿಯಲ್ಲೇ ಮೊದಲ ಸಾಲು ಹೇಳಬೇಕು: “ಭೂಮಿ ಸಾಲದಾಯಿತು. ಹೊರಟರು ಧೀರ ಗಂಡಸರು, ಬೆಳಕಿಲ್ಲದ ಊರಿಗೆ!”

ಒಮ್ಮೆ ‘ದನಿ’ಯಾಗಿ ಆಯ್ಕೆಯಾದವರು ಸಾಯುವ ತನಕ, ಇಲ್ಲವೇ ಚಳಿ ತಾಳದೆ ವಿಕ್ಟೋರಿಯಾಕ್ಕೆ ಮನೆ ಬದಲಿಸುವ ತನಕ ಅವರೇ ದನಿ. ಹಿಂದಿನ ದನಿ ವಿಕ್ಟೋರಿಯಾಕ್ಕೆ ಹೋಗಿದ್ದರು. ಈ ಸಲ ಡೆಲ್ಬರ್ಟ್ ಕೊವಾಲ್‌ನ ಸರದಿ. ಕೊಳಾಯಿ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡುವ ಅವನನ್ನು ಹುಟ್ಟಿದಾರಭ್ಯ ಯಾರೂ ತಿರುಗಿ ನೋಡಿದವರಲ್ಲ. ಆದರೆ ತಲೆಯನ್ನು ಬಕೆಟ್ಟಿನೊಳಗೆ ತೂರಿಸಿ ಆ ಸಾಲು ಹೇಳಿದನೆಂದರೆ, ಸತ್ತ ಉದ್ಘೋಷಕನೇ ಎದ್ದು ಬಂದಂತಿರುತ್ತಿತ್ತು. ಇಡೀ ಚಳಿಗಾಲ ಬಕೆಟ್ಟಿನೊಳಗೇ ಕಳೆದಿದ್ದ.

ಕೂಟದ ದಿನ ಬೆಳಿಗ್ಗೆ ಪಕ್ಕದ ಮನೆಯ ಆರ್ವಿಲ್ ಟೇಟ್ ಹಿಮ ತೆಗೆಯುವ ಯಂತ್ರ ನಿಲ್ಲಿಸಿ, ಡೆಲ್ಬರ್ಟನನ್ನು ಬೇಲಿಯ ಹತ್ತಿರ ಕರೆದರು.

“ಗಂಡಸರು ಅಂತಾನೇ ಹೇಳ್ತೀಯ ತಾನೇ? ನಮ್ಮಪ್ಪ ತೊಡೆ ಮೇಲೆ ಕೂರಿಸ್ಕೊಂಡು ಕೇಳಿಸಿದ ಸಾಲಯ್ಯ ಅದು. ಅದನ್ನ ಕೆದಕಿದ್ರೆ ಅವರ ಗೋರಿ ಕೆದಕಿದ ಹಾಗೆ.”

ಡೆಲ್ಬರ್ಟ್ ತಲೆಯಾಡಿಸಿದ.

ಅಂಗಡಿಯ ಬಾಗಿಲು ತೆಗೆಯುತ್ತಿದ್ದಂತೆ ಜಿನೆಟ್ ಬಂದಳು. ಊರಿನ ಅರ್ಧ ಜನರನ್ನು ಶಾಲೆಗೆ ಹೊತ್ತ ಬಸ್ಸಿನ ಚಾಲಕಿ, ಅಭಿಮಾನಿ ಸಂಘದ ಅಧ್ಯಕ್ಷೆ. ಬ್ರೇಕು ಹಾಕುವ ಅಭ್ಯಾಸ ಬಸ್ಸಿಗೆ ಮಾತ್ರ, ಮಾತಿಗಿಲ್ಲ.

“ಆ ರಾಕೆಟ್ ಓಡಿಸೋದು ಯಾರು ಹೇಳು? ಕ್ಯಾಪ್ಟನ್ ವೇರಾ. ಗಂಡಸರೆಲ್ಲ ಕಿಟಕೀಲಿ ಇಣುಕಿ, ‘ಅಯ್ಯೋ ಉಲ್ಕೆ, ಅಯ್ಯೋ ಉಲ್ಕೆ’ ಅಂತ ಬಡ್ಕೋತಾರೆ, ಅಷ್ಟೇ. ಚಿಕ್ಕೋಳಿದ್ದಾಗ ಆ ಸಾಲು ಕೇಳಿದಾಗೆಲ್ಲ, ಹಾಗಾದ್ರೆ ನನ್ನನ್ನ ಕರ್ಕೊಂಡು ಹೋಗಲ್ವಾ ಅಂತ ಅಮ್ಮನ್ನ ಕೇಳ್ತಿದ್ದೆ. ‘ಧೀರ ಮಂದಿ’ ಅನ್ನು ಡೆಲ್ಬರ್ಟ್. ಬಾಯೇನೂ ಸವೆಯಲ್ಲ.”

ಅದೂ ಸರಿಯೆನ್ನಿಸಿತು. ಡೆಲ್ಬರ್ಟ್ ಮತ್ತೆ ತಲೆಯಾಡಿಸಿದ. ಅವನ ಕುತ್ತಿಗೆ ಚೆನ್ನಾಗಿ ಎಣ್ಣೆ ಹಾಕಿದ ನಲ್ಲಿಯಂತೆ. ಯಾರು ತಿರುಗಿಸಿದರೂ ತಿರುಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಆ ಎರಡು ತಲೆಯಾಡಿಸುವಿಕೆಗಳೂ ಡೋನಟ್ ಅಂಗಡಿಯಲ್ಲಿ ಮುಖಾಮುಖಿಯಾದವು. ಅವನು ನಮ್ಮ ಕಡೆ ಎಂದು ಇವರು, ನಮ್ಮ ಕಡೆ ಎಂದು ಅವರು. ಸಂಜೆಯ ಕರ್ಲಿಂಗ್ ಪಂದ್ಯದಲ್ಲಿ ಆರ್ವಿಲ್ ತಳ್ಳಿದ ಕಲ್ಲು ದೂರ ಜಾರಲೆಂದು ಅವರದೇ ತಂಡದಲ್ಲಿದ್ದ ಜಿನೆಟ್ ಕಡೆಯವರು ಅದರ ಮುಂದೆ ಮಂಜು ಗುಡಿಸಬೇಕಿತ್ತು, ಗುಡಿಸಲೇ ಇಲ್ಲ. ಪೊರಕೆ ಊರಿಕೊಂಡು ಆಕಾಶ ನೋಡಿದರು. ಕಲ್ಲು ಅರ್ಧ ದಾರಿಯಲ್ಲೇ ಮುನಿಸಿಕೊಂಡು ಕೂತಿತು. ತಪ್ಪು ಪದ ಕಿವಿಗೆ ಬಿದ್ದ ಮರುಕ್ಷಣ ತಂದ ಅಡುಗೆ ಸಮೇತ ಎದ್ದು ಹೋಗುವುದಾಗಿ ಎರಡೂ ಕಡೆಯವರು ಸಾರಿದರು. ಹಾಗಾದರೆ ಆ ಸಾಲನ್ನೇ ಬಿಟ್ಟುಬಿಡೋಣವೇ ಎಂದು ಡೆಲ್ಬರ್ಟ್ ಮೆಲ್ಲಗೆ ಕೇಳಿದ. ಅಂದು ಮೊದಲ ಬಾರಿಗೆ ಎರಡೂ ಕಡೆಯವರು ಒಂದಾದರು: ಸಾಲು ಹೇಳಲಾಗದಿದ್ದರೆ ಬೇರೆ ದನಿ ಹುಡುಕುತ್ತೇವೆ ಎಂದರು.

ಡೆಲ್ಬರ್ಟನ ಹೆಂಡತಿ ಮಾರ್ನಿ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಬೇಯಿಸುತ್ತಿದ್ದಳು. ಗಂಡನ ಗೋಳನ್ನೆಲ್ಲ ಕೇಳಿ, ಸೌಟಿನಿಂದ ಕಣ್ಣೆತ್ತದೆ ಅಂದಳು: “ಆ ಜಾಗ ಬಂದಾಗ ಕೆಮ್ಮಿಬಿಡು.”

ಇಪ್ಪತ್ತು ವರ್ಷಗಳಲ್ಲಿ ಡೆಲ್ಬರ್ಟ್ ಅವಳನ್ನು ಅಷ್ಟು ಪ್ರೀತಿಯಿಂದ ಎಂದೂ ನೋಡಿರಲಿಲ್ಲ.

ರಾತ್ರಿ ಊಟಕ್ಕೆ ಮುಂಚೆ ದೀಪ ಆರಿತು. ಎಡಸಾಲಿನಲ್ಲಿ ಆರ್ವಿಲ್ ಕಡೆಯವರು, ಬಲಸಾಲಿನಲ್ಲಿ ಜಿನೆಟ್ ಕಡೆಯವರು, ಎಲ್ಲರ ಕೈಯೂ ತಂತಮ್ಮ ಪಾತ್ರೆಯ ಹಿಡಿಯ ಮೇಲೆ. ಡೆಲ್ಬರ್ಟ್ ಮೈಕಿಗೆ ಬಾಯಿ ತಂದ.

“ಭೂಮಿ ಸಾಲದಾಯಿತು. ಹೊರಟರು ಧೀರ... ಖೊಹ್, ಖೊಹ್... ಬೆಳಕಿಲ್ಲದ ಊರಿಗೆ!”

ಪಾತ್ರೆಯ ಹಿಡಿಗಳ ಮೇಲಿನ ಕೈಗಳು ಸಡಿಲವಾದವು. ಆಮೇಲೆ ಎರಡೂ ಸಾಲಿನಿಂದ ಚಪ್ಪಾಳೆ. ಯಾರೂ ಗೆದ್ದಿರಲಿಲ್ಲ, ಅದಕ್ಕಿಂತ ಮುಖ್ಯವಾಗಿ, ಎದುರು ಕಡೆಯವರೂ ಗೆದ್ದಿರಲಿಲ್ಲ. ಪಾತ್ರೆಗಳ ಮುಚ್ಚಳ ತೆರೆದವು. ಆರ್ವಿಲ್ ತಾನೇ ಎದ್ದು ಹೋಗಿ ಜಿನೆಟ್‌ಗೆ ಎಲೆಕೋಸಿನ ಸುರುಳಿ ಬಡಿಸಿದರು. ಡೆಲ್ಬರ್ಟನ ಎದೆ ರಾಕೆಟ್ಟಿನಂತೆ ಉಬ್ಬಿತು.

ಊಟ ಮುಗಿದ ಮೇಲೆ ಜಿನೆಟ್ ನಿರ್ಣಯ ಮಂಡಿಸಿದಳು: ಇನ್ನು ಮುಂದೆ ಆ ಜಾಗದಲ್ಲಿ ಕೆಮ್ಮೇ ನಮ್ಮ ಸಂಪ್ರದಾಯ. ಎಲ್ಲರೂ ಕೈ ಎತ್ತಿದರು. ಡೆಲ್ಬರ್ಟ್ ಎರಡೂ ಕೈ ಎತ್ತಿದ.

“ಒಂದೇ ಮಾತು,” ಎಂದಳು ಜಿನೆಟ್. “ತಪ್ಪು ತಿಳ್ಕೋಬೇಡ ಡೆಲ್ಬರ್ಟ್, ಕೆಮ್ಮು ಸ್ವಲ್ಪ ಪೇಲವ ಆಯ್ತು. ಬೆಕ್ಕು ಸೀನಿದ ಹಾಗಿತ್ತು. ಸಂಪ್ರದಾಯ ಅಂದ್ಮೇಲೆ ಒಂದು ಗಾಂಭೀರ್ಯ ಬೇಕಲ್ವಾ?”

ಹೌದೆಂದು ಹಿಂದಿನಿಂದಲೂ ಮುಂದಿನಿಂದಲೂ ಗೊಣಗು ಎದ್ದಿತು. ಡೆಲ್ಬರ್ಟ್ ಇನ್ನೊಮ್ಮೆ ಕೆಮ್ಮಿ ತೋರಿಸಿದ. ಮಂದಿ ಮರುಕದಿಂದ ನೆಲ ನೋಡಿದರು. ಆಗ ಆರ್ವಿಲ್ ಎದ್ದರು. ಧಾನ್ಯದ ಉಗ್ರಾಣದಲ್ಲಿ ಇಡೀ ಆಯುಷ್ಯ ಗೋಧಿಯ ಧೂಳು ಕುಡಿದ ಎದೆ ಅದು. ಅವರು ಕೆಮ್ಮಿದರು. ಹಾಲ್‌ನ ಕಿಟಕಿಗಳು ಅದುರಿದವು, ಟ್ರೋಫಿಯೊಂದು ಉರುಳಿತು, ರಾಕೆಟ್ಟು ನಿಜಕ್ಕೂ ಭೂಮಿ ಬಿಟ್ಟು ಎದ್ದಂತಾಯಿತು. ಇಡೀ ಸಭೆ ಎದ್ದು ನಿಂತಿತು. ಮುಂದಿನ ವರ್ಷದಿಂದ ಆರ್ವಿಲ್ ಟೇಟ್ ಅವರೇ ದನಿ ಎಂದು ಅಲ್ಲೇ ತೀರ್ಮಾನವಾಯಿತು. ಕೆಮ್ಮಿದ ಮೇಲೆ ಅವರಿಗೆ ನೀರಿನ ಲೋಟ ಕೊಡುವ ಜವಾಬ್ದಾರಿ, ಕೊಳಾಯಿಯ ಅನುಭವ ಇರುವುದರಿಂದ, ಡೆಲ್ಬರ್ಟನಿಗೆ.

ಅವನು ತಲೆಯಾಡಿಸಿದ.

ಹೊರಗೆ ಮೂಗು ಕತ್ತರಿಸುವ ಚಳಿ. ಖಾಲಿ ಪಾತ್ರೆ ಹಿಡಿದು ಕಾರಿನ ಹತ್ತಿರ ಬರುವಷ್ಟರಲ್ಲಿ ಅವನ ಗಂಟಲಿಗೆ ಗಾಳಿ ಹೊಕ್ಕು, ಹೊಟ್ಟೆಯ ಆಳದಿಂದ ಒಂದು ಕೆಮ್ಮು ಎದ್ದು ಬಂತು. ಎಂಥ ಕೆಮ್ಮು! ಆಚೆ ಬೀದಿಯ ನಾಯಿಗಳೆಲ್ಲ ಬೊಗಳಿದವು, ಕಾರಿನ ಮೇಲಿದ್ದ ಹಿಮ ಜಾರಿ ಬಿತ್ತು. ಡೆಲ್ಬರ್ಟ್ ಆಸೆಯಿಂದ ಹಾಲ್‌ನ ಬಾಗಿಲ ಕಡೆ ತಿರುಗಿದ.

ಮಾರ್ನಿ ಅವನ ತೋಳು ಹಿಡಿದೆಳೆದಳು.

“ಬಾಯಿ ಮುಚ್ಕೊಂಡು ಕಾರು ಹತ್ತು. ಆರ್ವಿಲ್‌ನ ಅಣಕಿಸ್ತಿದ್ದೀಯ ಅಂದ್ಕೊಂಡ್ರೆ ಆ ಲೋಟಾನೂ ಕಿತ್ಕೋತಾರೆ.”