ಗಿಳಿ ಹಸಿರು ಗಾಡಿ ಮತ್ತು ಹಿರೇಕೆರೂರಿನ ಸಂಬಂಧ

ಮನೆಗೆ ಬಳಿಯುವ ಸುಣ್ಣದ ಬಣ್ಣವನ್ನು ಹತ್ತು ಜನ ಸೇರಿ ಆರಿಸಿದರೂ ನಡೆದೀತು, ಮೋಟಾರ್ ಸೈಕಲ್ಲಿನ ಬಣ್ಣವನ್ನು ಮಾತ್ರ ಗಂಡಸು ತಾನೊಬ್ಬನೇ ಆರಿಸಬೇಕು ಎಂಬುದು ಎಪ್ಪತ್ತರ ದಶಕದಲ್ಲಿ ನನ್ನ ಗಟ್ಟಿ ನಂಬಿಕೆಯಾಗಿತ್ತು. ಆಗ ನಮ್ಮ ಹಾನಗಲ್ಲಿನಲ್ಲಿ ಗಾಡಿಗಳೇ ಬೆರಳೆಣಿಕೆ. ಗುತ್ತಿಗೆದಾರರದು ಕಪ್ಪು, ಕಪ್ಪಿಗೆ ಗತ್ತು ಜಾಸ್ತಿಯಂತೆ. ಡಾಕ್ಟರರದು ಕಡುಗೆಂಪು; ಧೂಳು ಕಾಣುವುದಿಲ್ಲವಂತೆ. ಅಕ್ಕಿಆಲೂರಿನ ಗಿರಣಿ ಸಾಹುಕಾರರದೂ ಕಪ್ಪೇ, ಆದರೆ ತೌಡು ಕೂತು ಅದು ಸದಾ ಬೂದಿ ಬಣ್ಣದಲ್ಲಿ ಇರುತ್ತಿತ್ತು. ನಾನೋ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಬಣ್ಣದ ವಿಷಯದಲ್ಲಿ ನಾನೂ ಇವರ ಸಾಲಿನಲ್ಲೇ ನಿಂತರೆ ಕಲಿತ ವಿದ್ಯೆಗೆ ಏನು ಬೆಲೆ? ಹಳೆಯದೊಂದು ಗಾಡಿ ಕೊಂಡವನೇ ಶಿಗ್ಗಾವಿಯ ಪೇಂಟರನ ಮುಂದೆ ನಿಲ್ಲಿಸಿ, ಗಿಳಿ ಹಸಿರು ಹಚ್ಚು ಎಂದೆ. "ಮಾಸ್ತರ್ರ, ಇದು ಎತ್ತಿನ ಕೋಡಿಗೆ ಹಚ್ಚೋ ಬಣ್ಣ ಐತ್ರಿ" ಎಂದ. ಎತ್ತಿಗೆ ಒಪ್ಪಿದ್ದು ನನಗೇಕೆ ಒಪ್ಪುವುದಿಲ್ಲ ಎಂದು ದಬಾಯಿಸಿದೆ. ಅವನು ಒಂದು ಸಲ ನನ್ನ ಮುಖ ನೋಡಿ ಬ್ರಶ್ ಕೈಗೆತ್ತಿಕೊಂಡ.

ನಾಲ್ಕು ತಾಲ್ಲೂಕಿನಲ್ಲಿ ಅಂಥ ಗಾಡಿ ಇನ್ನೊಂದಿರಲಿಲ್ಲ. ದನ ಕಾಯುವವರೂ ದೂರದಿಂದಲೇ ಗುರುತು ಹಿಡಿದು ಕೈ ಬೀಸುತ್ತಿದ್ದರು, ನಾನು ಉಬ್ಬುತ್ತಿದ್ದೆ. ಅಷ್ಟರಲ್ಲಿ ತಂಗಿ ಗಿರಿಜಾಳಿಗೆ ಹಿರೇಕೆರೂರಿನ ಸಂಬಂಧ ಬಂತು. ಹುಡುಗ ಬೀಜದ ಅಂಗಡಿ ಇಟ್ಟಿದ್ದ. ಬಂದ ವರಗಳಿಗೆಲ್ಲ ಒಂದೊಂದು ಕೊಂಕು ತೆಗೆದಿದ್ದ ನಮ್ಮ ಗಿರಿಜಾ, ಇವನನ್ನು ಅಡಿಗೆಮನೆಯ ಬಾಗಿಲಿಂದ ಇಣುಕಿ ನೋಡಿ, ಮೊದಲ ಸಲ "ಆಗಲಿ" ಅಂದಿದ್ದಳು. ಆದರೆ ಆ ಮನೆಯ ಹಿರಿಯ, ಹುಡುಗನ ಸೋದರಮಾವ, ಕೊನೆಯ ಮಾತು ಹೇಳಿ ಕಳಿಸಲೇ ಇಲ್ಲ. ಅವ್ವನಿಗೆ ಜೀವ ಪುಕಪುಕ. "ಒಂದ ಕಡೆ ನಂಬಿ ಕುಂತ್ರ ಹೆಂಗೋ? ಸವಣೂರಾಗೂ ಒಂದು ವರ ಐತಂತ. ಸುಮ್ಮನ ಹೋಗಿ ನೋಡ್ಕೊಂಡು ಬಾ. ಯಾರಿಗೂ ಗೊತ್ತಾಗಬಾರ್ದು ನೋಡು" ಎಂದಳು.

ಯಾರಿಗೂ ಗೊತ್ತಾಗದ ಹಾಗೆ ಹೋದೆ. ಗಿಳಿ ಹಸಿರು ಗಾಡಿಯ ಮೇಲೆ! ಬಂಕಾಪುರದ ಚಹಾದಂಗಡಿಯವರೇ "ಎಲ್ಲಿಗ್ರೀ ಮಾಸ್ತರ್ರ?" ಎಂದು ಕೂಗಿದಾಗಲಾದರೂ ಬುದ್ಧಿ ಬರಬೇಕಿತ್ತು. ಮರುದಿನವೇ ಹಿರೇಕೆರೂರಿನ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. "ಮಾಸ್ತರ್ರ, ನಿಮ್ಮ ಹಸರ ಗಾಡಿ ಸವಣೂರಾಗ ಯಾರೋ ಗಂಡಿನ ಮನಿ ಮುಂದ ನಿಂತಿತ್ತಂತ. ಅಲ್ಲೇ ಮನಸಿದ್ರ ನಾವು ಬ್ಯಾರೆ ಕಡೆ ನೋಡ್ತೇವಿ ಅಂತ ಹೇಳ್ಯಾರ್ರಿ." ಒಳಗೆ ಗಿರಿಜಾ ಪಾತ್ರೆ ಕುಕ್ಕುತ್ತಿದ್ದವಳು ಹೊರಬಂದು, "ಅಣ್ಣಾ, ಜಗತ್ತಿನ್ಯಾಗ ನಿನಗ ಬ್ಯಾರೆ ಬಣ್ಣನ ಸಿಗಲಿಲ್ಲೇನು?" ಎಂದು ಕಣ್ಣೀರು ತೆಗೆದಳು. ಡ್ರಾಯಿಂಗ್ ಮಾಸ್ತರನನ್ನು ಕೇಳುವ ಪ್ರಶ್ನೆಯೇ ಅದು!

ಅವ್ವ ಅದೇ ಕಂಡಕ್ಟರನ ಕೈಯಲ್ಲಿ ತಪ್ಪಾಯಿತೆಂದು ಹೇಳಿ ಕಳಿಸಿದಳು. ಸೋದರಮಾವ ಕರಗಿದರು. ರವಿವಾರ ತಾವೇ ಬಂದು ಮಾತು ಮುಗಿಸುತ್ತೇವೆ ಎಂದರು. ನನಗೆ ಹೊಸ ಚಿಂತೆ ಹತ್ತಿತು. ಬಾಗಿಲಲ್ಲೇ ಆ ಹಸಿರು ಕಣ್ಣಿಗೆ ಬಿದ್ದರೆ ಮುದುಕರಿಗೆ ಮತ್ತೆ ಸಿಟ್ಟು ಬಂದರೆ? ಶಿಗ್ಗಾವಿಗೆ ಓಡಿದೆ. ಎಲ್ಲರಂತೆ ಕಪ್ಪು ಹಚ್ಚಿಬಿಡಪ್ಪಾ ಎಂದೆ. "ಶುಭಕಾರ್ಯದ ಹೊತ್ತಿನ್ಯಾಗ ಕರೀದ್ಯಾಕೋ!" ಎಂದು ಕಪ್ಪಾಗಿ ಮನೆಗೆ ಬಂದ ಗಾಡಿ ನೋಡಿ ಅವ್ವ ಗೊಣಗಿದಳು. ನಾನು ಕಿವಿಗೆ ಹಾಕಿಕೊಳ್ಳದೆ, ಗಾಡಿಯನ್ನು ತಿಕ್ಕಿ ಬಾಗಿಲ ಮುಂದೆ ನಿಲ್ಲಿಸಿ ಕಾದೆ. ಉಪ್ಪಿಟ್ಟು ಆರಿತು, ಚಹಾ ಎರಡು ಸಲ ಕಾಯಿತು, ಗಿರಿಜಾಳ ತಲೆಯ ಮಲ್ಲಿಗೆ ಬಾಡಿತು. ಯಾರೂ ಬರಲಿಲ್ಲ.

ಸೋಮವಾರ ಕಂಡಕ್ಟರನಿಂದ ತಿಳಿಯಿತು, ಅವರು ಬಂದಿದ್ದರು! ನಮ್ಮ ಓಣಿಯ ತಿರುವಿನ ತನಕ ಬಂದು, ಬಾಗಿಲಲ್ಲಿ ಯಾರದೋ ಕರೀ ಗಾಡಿ ಕಂಡು, "ಕನ್ಯಾ ನೋಡಾಕ ಬ್ಯಾರೆ ಮಂದಿ ಬಂದು ಕುಂತಾರ" ಎಂದುಕೊಂಡರಂತೆ. ಒಬ್ಬರು ಹೆಣ್ಣು ನೋಡಲು ಕೂತಿರುವ ಮನೆಗೆ ಇನ್ನೊಬ್ಬರು ಕಾಲಿಡುವ ರಿವಾಜು ನಮ್ಮ ಕಡೆ ಇಲ್ಲ. ಮರ್ಯಾದಸ್ಥರು, ನೀರೂ ಕುಡಿಯದೆ ಬಂದ ಬಸ್ಸಿಗೇ ತಿರುಗಿ ಹೋಗಿದ್ದರು. ಗಿರಿಜಾ ಈ ಸಲ ಅಳಲೂ ಇಲ್ಲ, ಸುಮ್ಮನೆ ಗೋಡೆಗೆ ಒರಗಿ ಕೂತಳು. ಅವಳ ಆ ಮುಖ ನೋಡಲಾಗದೆ ಗಾಡಿಗೆ ಕಿಕ್ ಹೊಡೆದೆ.

ಹಿರೇಕೆರೂರಿನಲ್ಲಿ ಸೋದರಮಾವ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಗಾಡಿ ನಿಲ್ಲಿಸುವ ಮೊದಲೇ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅವರು ತಲೆಯ ಪಟಗ ಸಡಿಲಾಗುವಷ್ಟು ನಕ್ಕರು. "ಹಂಗಾರ ಆ ಕರೀ ಗಾಡಿ ನಿಮ್ಮದ ಏನ್ರಿ!" ಎಂದು ಎದ್ದು ಬಂದು, ಅದರ ಸುತ್ತ ತಿರುಗಿ, ಟ್ಯಾಂಕಿನ ಮೇಲೆ ಕೈಯಾಡಿಸಿ, ಹುಡುಗನನ್ನು ಕರೆದರು. ಅವನು ಹತ್ತಿ ಕೂತು ಕನ್ನಡಿಯಲ್ಲಿ ಮುಖ ನೋಡಿಕೊಂಡ.

"ನೋಡ್ರಿ ಮಾಸ್ತರ್ರ," ಎಂದರು ಹಿರಿಯರು, "ನಾವೇನು ಕೊಡು ತಾ ಅನ್ನೋ ಮಂದಿ ಅಲ್ಲ. ಆದ್ರ ಹುಡುಗಗ ಹಳ್ಳಿ ತಿರುಗಾಕ ಒಂದು ಗಾಡಿ ಬೇಕಾಗೇತಿ. ಹಸರ ಇದ್ದಿದ್ರ ನೀವು ಕೈಮುಗಿದು ಕೊಟ್ರೂ ಒಲ್ಲೆ ಅಂತಿದ್ವಿ. ಇದು ಮಸ್ತ್ ಐತಿ."

ಗೋಡೆಗೆ ಒರಗಿದ ಗಿರಿಜಾ ಕಣ್ಣ ಮುಂದೆ ಬಂದಳು. "ಆಗಲ್ರಿ" ಎಂದೆ.

ಈಗಲೂ ಹಬ್ಬಕ್ಕೆ ಅವಳು ಅದೇ ಕರೀ ಗಾಡಿಯ ಮೇಲೆ ಗಂಡನ ಹಿಂದೆ ಕೂತು, ಸೆರಗು ಹಾರಿಸುತ್ತ ನಗುನಗುತ್ತ ತವರಿಗೆ ಬರುತ್ತಾಳೆ. ಖರೇ ಹೇಳುತ್ತೇನೆ, ನನಗೆ ಹೊಟ್ಟೆ ತುಂಬ ಸಂತೋಷ. ನಾನು ಚೀಲ ಹಿಡಿದು ಹೊರಟರೆ ನಮ್ಮ ಮನೆಯ ಅಳಿಯದೇವರು ಬಿಡುವುದಿಲ್ಲ. "ನಡಕೊಂತ ಯಾಕ ಹೋಗ್ತೀರಿ, ಹತ್ರಿ ಮಾಸ್ತರ್ರ, ಬಸ್ ಸ್ಟ್ಯಾಂಡ್ ತನಕ ಬಿಡ್ತೇನಿ" ಎನ್ನುತ್ತಾರೆ. ಉಪಕಾರವಾಯಿತು ಎಂದು ಹೇಳಿ, ನಾನು ಹಿಂದಿನ ಸೀಟಿನ ಮೇಲೆ ಹತ್ತಿ ಕೂಡುತ್ತೇನೆ.