ಎರಡು ಪೇಟಾ, ಒಂದು ಗಾಲಿಕುರ್ಚಿ

ಸೇವಾ ಓಟದ ಅಧ್ಯಕ್ಷನಾಗಿ ನನ್ನನ್ನು ಆರಿಸಿದಾಗ, ನಮ್ಮೂರಿಗೆ ತಡವಾಗಿಯಾದರೂ ಬುದ್ಧಿ ಬಂತು ಎಂದುಕೊಂಡೆ. ಅಸಲು ಕಾರಣ ಬೇರೆ ಇತ್ತು. ಬೇಡಕಿಹಾಳದ ಆಚೆಗಿರುವ ನಮ್ಮೂರಲ್ಲಿ ಎರಡು ತರುಣ ಮಂಡಳಗಳಿವೆ. ಒಂದು ಮೇಲಿನ ಗಲ್ಲಿಯದು, ಇನ್ನೊಂದು ಕೆಳಗಿನ ಗಲ್ಲಿಯದು. ಇವರು ಗಣಪತಿ ಕೂರಿಸಿದರೆ ಅವರು ಅದಕ್ಕಿಂತ ಒಂದು ಗೇಣು ಎತ್ತರದ್ದನ್ನೇ ಕೂರಿಸಬೇಕು. ಈ ಸಲ ಅದು ಹೇಗೋ ಇಬ್ಬರೂ ಒಂದಾಗಿ ಓಟ ಮಾಡೋಣ ಎಂದಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ನಾನು ಯಾವ ಗಲ್ಲಿಗೂ ಸೇರಿದವನಲ್ಲ. ನನ್ನ ಅರ್ಹತೆ ಅಷ್ಟೇ!

ಎಲ್ಲರಿಗಿಂತ ಮುಂದೆ ನಾನೇ ಓಡುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ. ಹೆಂಡತಿ ಕಸ್ತೂರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅಧ್ಯಕ್ಷರು ಕುಂಡ್ರಾವ್ರರಿ, ಓಡಾವ್ರಲ್ಲ," ಎಂದಳು.

ಓಟ ಮುಗಿದ ಮೇಲೆ ಸೇವೆ. ಹುಸೇನಬಿಗೆ ಗಾಲಿಕುರ್ಚಿ ಕೊಡುವುದೇ ಆ ಸೇವೆ. ಹುಸೇನಬಿ ಮನೆಮನೆಗೆ ಬಂದು ಬಳೆ ತೊಡಿಸುತ್ತಿದ್ದವಳು. ನಮ್ಮ ಮದುವೆಯಲ್ಲಿ ಕಸ್ತೂರಿಗೆ ಬಳೆ ಇಟ್ಟವಳೂ ಅವಳೇ. ಸುತ್ತಮುತ್ತಲ ನಾಡೆಲ್ಲ ಕಬ್ಬು ಬೆಳೆದು ಸಕ್ಕರೆ ಮಾಡಿ ಶ್ರೀಮಂತವಾದರೆ, ಅವಳ ಪಾಲಿಗೆ ಸಕ್ಕರೆ ಕಾಯಿಲೆ ಬಂದು ಮೊಣಕಾಲಿನ ಕೆಳಗೆ ಒಂದು ಕಾಲನ್ನೇ ತೆಗೆದುಕೊಂಡು ಹೋಯಿತು. ಈಗ ಎರಡು ಊರುಗೋಲಿನ ಮೇಲೆ ಮನೆಯ ಕಟ್ಟೆಯ ತನಕ ಬರುತ್ತಾಳೆ, ಅಷ್ಟೇ. ಕೈಯಲ್ಲಿ ಕೋಲು ಹಿಡಿದವಳು ಬಳೆಯ ಬುಟ್ಟಿಯನ್ನು ಎಲ್ಲಿ ಹಿಡಿದಾಳು? ಕುರ್ಚಿ ಬಂದರೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸಂತೆಗೆ ಹೋಗಬಹುದು. ಮಂಡಳದವರಿಗೆ ಈ ವಿಚಾರ ಹೇಳಿದವನು ನಾನು. ಓಟಕ್ಕೆ ಬಾವುಟ ಬೀಸಲು ಬರಲಿದ್ದ ದೊಡ್ಡ ಸಾಹೇಬರೊಬ್ಬರು ಕುರ್ಚಿ ಕೊಡಿಸಲು ಒಪ್ಪಿದರು. ಹುಸೇನಬಿಗೆ ಮಾತು ಕೊಟ್ಟು ಬಂದವನೂ ನಾನೇ.

ಆ ದಿನ ಅವಳು ಬೆಳಗಾಗುತ್ತಲೇ ಇಸ್ತ್ರಿ ಮಾಡಿದ ಸೀರೆಯುಟ್ಟು ಆಟೋದಲ್ಲಿ ಶಾಲೆಯ ಮೈದಾನಕ್ಕೆ ಬಂದು ಬೇವಿನ ಮರದಡಿ ಕುಳಿತಿದ್ದಳು. ಕುರ್ಚಿ ಪ್ಲಾಸ್ಟಿಕ್ ಹೊದ್ದುಕೊಂಡು ವೇದಿಕೆಯ ಮೇಲಿತ್ತು.

ಅಷ್ಟರಲ್ಲಿ ಪೇಟಾದ ತಂಟೆ ಶುರುವಾಯಿತು. ನಮ್ಮ ಕಡೆ ಯಾವ ಸಮಾರಂಭವಾದರೂ ಗಣ್ಯರ ತಲೆಗೆ ಪೇಟಾ ಸುತ್ತಲೇಬೇಕು. ಅದಕ್ಕೆಂದೇ ನಿಪ್ಪಾಣಿಯಿಂದ ಒಬ್ಬನನ್ನು ಕರೆಸಿದ್ದರು. ಮೇಲಿನ ಗಲ್ಲಿಯವರು ಗುಲಾಬಿ ಬಟ್ಟೆ ತಂದಿದ್ದರು, ಕೆಳಗಿನ ಗಲ್ಲಿಯವರು ಹಳದಿ. ಅಧ್ಯಕ್ಷರ ತಲೆ ಯಾರದು ಎಂಬ ಪ್ರಶ್ನೆ ಕೈಕೈ ಮಿಲಾಯಿಸುವ ಹಂತಕ್ಕೆ ಬಂದಾಗ, ಶಾಂತಿಪ್ರಿಯನಾದ ನಾನು ಎರಡನ್ನೂ ಕಟ್ಟಿಬಿಡಿ ಎಂದೆ. ಕಟ್ಟಿದರು. ಗುಲಾಬಿಯ ಮೇಲೆ ಹಳದಿ! ನನ್ನ ತಲೆ ಬೆಲ್ಲದ ಪೆಂಟೆಯಷ್ಟಾಯಿತು. ಒಮ್ಮೆ ಕಟ್ಟಿದ ಪೇಟಾವನ್ನು ಕಾರ್ಯಕ್ರಮ ಮುಗಿಯುವ ಮೊದಲು ಬಿಚ್ಚಿದರೆ ಕಟ್ಟಿದವರಿಗೆ ಅವಮಾನ. ಹೀಗಾಗಿ ಅದನ್ನು ಹೊತ್ತುಕೊಂಡೇ ಓಡಬೇಕಾಯಿತು.

ಬಾವುಟ ಬೀಸಬೇಕಾದ ಸಾಹೇಬರು ಬರಲೇ ಇಲ್ಲ. ಬಿಸಿಲು ನೆತ್ತಿಗೇರುವ ಹೊತ್ತಿಗೆ, ನೀವು ಓಡುತ್ತಿರಿ, ನಾವು ಬರುತ್ತೇವೆ ಎಂದು ಫೋನು ಬಂತು. ಓಡಿದೆವು. ಕಾಲುವೆಯ ಸೇತುವೆಯ ತನಕ ನಾನೇ ಮುಂದಿದ್ದೆ. ಅಧ್ಯಕ್ಷರನ್ನು ಹಿಂದೆ ಹಾಕಬಾರದೆಂದು ಹುಡುಗರು ನಡೆಯುತ್ತಿದ್ದರು ಎಂಬುದು ಆಮೇಲೆ ಗೊತ್ತಾಯಿತು. ಅಲ್ಲಿ ಎದುರಿಗೆ ಕಬ್ಬು ಹೇರಿಕೊಂಡು ಎರಡು ಟ್ರೈಲರಿನ ಟ್ರ್ಯಾಕ್ಟರ್ ಬಂತು. ಪಕ್ಕಕ್ಕೆ ಸರಿದೆ. ಬೆನ್ನ ಮೇಲೆ ಇಳಿಬಿಟ್ಟಿದ್ದ ಹಳದಿ ಪೇಟಾದ ತುದಿ ಯಾವಾಗಲೋ ಬಿಚ್ಚಿ ಕಾಲಿಗೆ ಬಂದಿತ್ತು. ಅದನ್ನೇ ತುಳಿದೆ. ಊರಿನ ಪ್ರಥಮ ಸೇವಾ ಓಟದ ಅಧ್ಯಕ್ಷರು ರಸ್ತೆಯ ಮೇಲೆ ದೀರ್ಘದಂಡ ನಮಸ್ಕಾರ ಹಾಕಿದರು!

ಕಾಲಿನ ಹರಡು ಉಳುಕಿತ್ತು. ನಾನು ಅಯ್ಯೋ ಎನ್ನುತ್ತಿದ್ದರೆ, ಹಳದಿಯವರು ಸಡಿಲ ಕಟ್ಟಿದ್ದೇ ತಪ್ಪು ಎಂದು ಗುಲಾಬಿಯವರೂ, ಕೆಳಗೆ ಗುಲಾಬಿ ಇದ್ದದ್ದೇ ತಪ್ಪು ಎಂದು ಹಳದಿಯವರೂ ನನ್ನ ತಲೆಯ ಮೇಲೆಯೇ ವಾದಕ್ಕೆ ನಿಂತರು. ಕೊನೆಗೆ ಯಾರೋ ವೇದಿಕೆಯ ಮೇಲಿದ್ದ ಗಾಲಿಕುರ್ಚಿಯನ್ನೇ ತಂದರು. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಎರಡೆರಡು ಪೇಟಾ ಕಟ್ಟಿಸಿಕೊಂಡವನು ಯಾರದೋ ಬೈಕಿನ ಹಿಂದೆ ಕುಳಿತು ಬರುವುದು ಪದವಿಗೆ ಶೋಭೆಯಲ್ಲ ಎನಿಸಿತು.

ಕುರ್ಚಿಗೆ ಹಿಂದೆ ಎರಡು ಹಿಡಿಕೆ. ಒಂದನ್ನು ಮೇಲಿನ ಗಲ್ಲಿ ಹಿಡಿಯಿತು, ಇನ್ನೊಂದನ್ನು ಕೆಳಗಿನ ಗಲ್ಲಿ. ಯಾರು ಹೆಚ್ಚು ತಳ್ಳುತ್ತಾರೆ ಎಂದು ಪೈಪೋಟಿ ನಡೆದು, ಮೈದಾನದ ಬಾಗಿಲಲ್ಲಿ ಮುಂದಿನ ಚಿಕ್ಕ ಗಾಲಿಯೊಂದು ಕಲ್ಲಿಗೆ ಬಡಿದು ಮುರಿಯಿತು. ಹಾಗೆಯೇ ಎತ್ತಿ ನನ್ನನ್ನು ವೇದಿಕೆಯ ಮೇಲಿಟ್ಟರು. ಅದೇ ಹೊತ್ತಿಗೆ ಸಾಹೇಬರು ಬಂದರು.

ಅವರಿಗೆ ಚಿಕ್ಕೋಡಿಯಲ್ಲಿ ಇನ್ನೊಂದು ಕಾರ್ಯಕ್ರಮವಿತ್ತು. ತಾವು ಕೊಡಿಸಿದ ಕುರ್ಚಿ ಕಂಡಿತು, ಅದರಲ್ಲೊಬ್ಬ ಮನುಷ್ಯ ಕಂಡ. ಅಷ್ಟು ಸಾಕಾಯಿತು. ನೇರವಾಗಿ ಬಂದು ನನಗೆ ಶಾಲು ಹೊದಿಸಿ, ನನ್ನ ಕೈ ಹಿಡಿದುಕೊಂಡು ಮೈಕಿಗೆ ಬಾಯಿಟ್ಟರು. "ದೇವ್ರು ಇವರ ಕಾಲ ಕಸ್ಕೊಂಡಾನ. ಧೈರ್ಯ ಕಸ್ಕೊಂಡಿಲ್ಲ!"

ಚಪ್ಪಾಳೆಯೋ ಚಪ್ಪಾಳೆ! ನಾನು ಬಾಯಿ ತೆರೆದೆ. ಸಾಹೇಬರಿಗೆ ಮುಜುಗರವಾದೀತು, ಸುಮ್ಮನಿರಿ ಎಂದು ಎರಡೂ ಮಂಡಳದವರು ಕಣ್ಸನ್ನೆ ಮಾಡಿದರು. ಅವರಿಬ್ಬರಲ್ಲಿ ನಾನು ಕಂಡ ಮೊದಲ ಒಗ್ಗಟ್ಟು ಅದು. ಬಾಯಿ ಮುಚ್ಚಿ ಕೈ ಮುಗಿದೆ. ಫೋಟೋ ಹೊಡೆದರು. ಸಾಹೇಬರು ಹೊರಟರು, ಅವರನ್ನು ಕಳಿಸಲು ಊರೂ ಹೊರಟಿತು. ಮೈದಾನದಲ್ಲಿ ಉಳಿದವರು ಮುರಿದ ಕುರ್ಚಿಯಲ್ಲಿ ನಾನು, ಬೇವಿನ ಮರದಡಿ ಹುಸೇನಬಿ. ಅವಳು ಮುರಿದ ಗಾಲಿಯನ್ನು ನೋಡಿ ಊರುಗೋಲು ಎತ್ತಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಕಸ್ತೂರಿ ಬಂದು ಅವಳನ್ನು ಆಟೋದಲ್ಲಿ ಕರೆದುಕೊಂಡು ಹೋದಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. 

ಮರುದಿನ ಪೇಪರಿನಲ್ಲಿ ನನ್ನ ಫೋಟೋ ಬಂತು. ಅಂಗವಿಕಲ ಫಲಾನುಭವಿಗೆ ಗಾಲಿಕುರ್ಚಿ ವಿತರಣೆ! ರಾಯಬಾಗದಿಂದ ಬೀಗರು ಬಾಳೆಹಣ್ಣು ಹಿಡಿದುಕೊಂಡು ಮಾತನಾಡಿಸಲು ಬಂದು, ನನ್ನ ಎರಡೂ ಕಾಲು ನೋಡಿ ಕೊಂಚ ನಿರಾಶರಾದರು. ಸಾಹೇಬರ ಕಡೆಯವರಿಗೆ ಫೋನು ಮಾಡಿ ಇನ್ನೊಂದು ಕುರ್ಚಿ ಕೇಳಿದರೆ, ನಿಮಗ ಕೊಟ್ಟಾಗೈತಲ್ಲರಿ ಎಂದು ಇಟ್ಟುಬಿಟ್ಟರು. ಮಂಡಳಗಳು ಫೋಟೋದಲ್ಲಿ ಯಾರ ಬ್ಯಾನರ್ ಅರ್ಧ ಕತ್ತರಿಸಿಹೋಗಿದೆ ಎಂದು ಜಗಳ ತೆಗೆದು ಮತ್ತೆ ಬೇರೆಯಾದವು. ಹುಸೇನಬಿಯ ಮನೆ ಕಡೆ ಒಬ್ಬನೂ ಸುಳಿಯಲಿಲ್ಲ. ಸೇವೆ ಆಗಿಹೋಗಿತ್ತಲ್ಲ, ಪೇಪರಿನಲ್ಲೇ ಬಂದಿತ್ತಲ್ಲ!

ಕೊನೆಗೆ ಬೇರೆ ಗಾಲಿ ತರಿಸಿ, ಅಂಗಡಿಯಲ್ಲಿ ನಾನೇ ಕೂಡಿಸಿದೆ. ಕಾಲಿಗೆ ಪಟ್ಟಿ ಕಟ್ಟಿಕೊಂಡೇ, ಕುರ್ಚಿ ತಳ್ಳಿಕೊಂಡು ಕುಂಟುತ್ತ ಬಜಾರಿನಲ್ಲಿ ಹೊರಟೆ. ಇನ್ನಾದರೂ ಒಂದು ಕೆಲಸ ನೆಟ್ಟಗಾಗುತ್ತದೆ ಎಂದುಕೊಂಡಿದ್ದೆ. ಆದರೆ ಬಜಾರಿನವರೆಲ್ಲ ಪೇಪರು ಓದಿದ್ದರು. ಕುರ್ಚಿ ಇದ್ದೂ ಕಾಕಾ ನಡೆಯುತ್ತಿದ್ದಾರಲ್ಲ ಎಂದು ಮರುಗಿ, ನಾಲ್ಕು ಜನ ಸೇರಿ ನನ್ನನ್ನು ಎತ್ತಿ ಅದರಲ್ಲೇ ಕೂರಿಸಿದರು. ಇದು ನನ್ನದಲ್ಲ, ಹುಸೇನಬಿಯದು ಎಂದು ಕೂಗಿದೆ. ಸಂಕೋಚದ ಮನುಷ್ಯ ಎಂದುಕೊಂಡು ಇನ್ನಷ್ಟು ಜೋರಾಗಿ ತಳ್ಳಿದರು. ಹೀಗೆ ಹುಸೇನಬಿಯ ಕುರ್ಚಿಯಲ್ಲಿ ಕುಳಿತು, ಹುಸೇನಬಿಯ ಕಟ್ಟೆಯ ಮುಂದೆಯೇ ನನ್ನ ಮೆರವಣಿಗೆ ಬಂತು.

"ನಿಲ್ಲಸ್ರಿ," ಎಂದಳು. ಊರುಗೋಲು ಊರುತ್ತ ಕಟ್ಟೆ ಇಳಿದು ಬಂದು ನನ್ನ ಮುಂದೆ ನಿಂತಳು. "ಇಳೀರಿ, ಅಧ್ಯಕ್ಷರ."

ಇಳಿದೆ. ಅವಳು ಕುಳಿತಳು. ಕೈಯಿಂದ ಗಾಲಿ ತಿರುಗಿಸಿ ಮುಂದೆ ಹೋದಳು, ಹಿಂದೆ ಬಂದಳು. ಒಳಗಿನಿಂದ ಬಳೆಯ ಬುಟ್ಟಿ ತರಿಸಿ ತೊಡೆಯ ಮೇಲಿಟ್ಟುಕೊಂಡಳು. ತಳ್ಳಿಕೊಂಡು ಬಂದಿದ್ದವರಲ್ಲೊಬ್ಬ ಮೊಬೈಲು ತೆಗೆದ.

"ಫೋಟೋ ಬ್ಯಾಡಪಾ," ಎಂದಳು ಹುಸೇನಬಿ. "ಫೋಟೋದಾಗ ಈ ಕುರ್ಚಿ ಅವರದ ಐತಿ."

ಅವನು ಮೊಬೈಲು ಜೇಬಿಗಿಟ್ಟ. ನಾನು ಒಂಟಿ ಕಾಲಿನ ಮೇಲೆ ಗೋಡೆ ಹಿಡಿದು ನಿಂತಿದ್ದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ತನ್ನ ಎರಡೂ ಊರುಗೋಲನ್ನು ನನ್ನ ಕಡೆ ಚಾಚಿದಳು. ಮನೆಗೆ ಹೋಗಿ ಮುಟ್ಟಿದ ಮೇಲೆ ಕಳಿಸಿಕೊಡಿ ಎಂದಳು.

ಅದೇ ಬಜಾರಿನಲ್ಲಿ, ಅವೇ ಜನರ ಮುಂದೆ, ಹುಸೇನಬಿಯ ಊರುಗೋಲಿನ ಮೇಲೆ ತೂಗಾಡುತ್ತ ಮನೆ ಸೇರಿದೆ. ಕಸ್ತೂರಿ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಊರುಗೋಲು ನೋಡಿದಳು. ಯಾರವು ಎಂದು ಅವಳಿಗೆ ಗೊತ್ತಾಯಿತು.

"ಓಟ ಮುಗೀತೇನ್ರಿ?" ಎಂದು ಕೇಳಿದಳು.